ಸೋಸುಪೊರೆಯ ತಯಾರಿಕೆಯಲ್ಲಿ ಸಿರೀನ್: ಒಂದು ಮೌಲ್ಯಮಾಪನ

ನೀರು ಸೋಸುವ ಪೊರೆಗಳ ತಯಾರಿಕೆಯಲ್ಲಿ ಸಿರೀನ್ ದ್ರಾವಕಕ್ಕೆ ಸಿಕ್ಕಿರುವ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು. ಸೆಲ್ಯುಲೋಸ್‌ನಿಂದ ಪಡೆಯುವ ಇದನ್ನು ಎನ್‌ಎಂಪಿ ಎಂಬ ದ್ರಾವಕಕ್ಕೆ ಬದಲಿಯಾಗಿ 2014ರಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು. ಬದಲಿಯ ಅಗತ್ಯ ನಿರ್ವಿವಾದ. ಎನ್‌ಎಂಪಿ, ಅದರಂತೆಯೇ ಬಳಕೆಯಲ್ಲಿರುವ ದ್ರಾವಕ ಡಿಎಂಎಫ್ ಎರಡೂ ಗರ್ಭಸ್ಥ ಶಿಶುವಿಗೆ ಅಪಾಯಕಾರಿ. ಐರೋಪ್ಯ ಒಕ್ಕೂಟದ ನಿರ್ಬಂಧ ಮೊದಲನೆಯದಕ್ಕೆ 2020ರಲ್ಲಿ, ಎರಡನೆಯದಕ್ಕೆ 2023ರಲ್ಲಿ ಅನ್ವಯವಾಯಿತು.

ಸಿರೀನ್‌ನ ನಿಜವಾದ ಪರೀಕ್ಷೆ ಪೊರೆ ರೂಪುಗೊಳ್ಳುವ ಹಂತದಲ್ಲಿದೆ. ಪಾಲಿಮರ್ ದ್ರಾವಣವನ್ನು ತೆಳುವಾಗಿ ಹರಡಿ ನೀರಿನ ತೊಟ್ಟಿಗೆ ಇಳಿಸಿದಾಗ ದ್ರಾವಕ ಹೊರಹೋಗುತ್ತದೆ, ನೀರು ಒಳನುಗ್ಗುತ್ತದೆ, ಪಾಲಿಮರ್ ಗಟ್ಟಿಯಾಗುತ್ತದೆ. ರಂಧ್ರಗಳ ಗಾತ್ರವನ್ನೂ ಆಕಾರವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಈ ವಿನಿಮಯದ ವೇಗ. ಕೋಣೆಯ ಉಷ್ಣತೆಯಲ್ಲಿ ಸಿರೀನ್‌ನ ಸ್ನಿಗ್ಧತೆ ಎನ್‌ಎಂಪಿಗಿಂತ ಸುಮಾರು ಎಂಟು ಪಟ್ಟು ಹೆಚ್ಚು; ಹೀಗಾಗಿ ವಿನಿಮಯ ನಿಧಾನವಾಗುತ್ತದೆ, ಬೆರಳಿನಾಕಾರದ ಪೊಳ್ಳುಗಳ ಬದಲು ಸ್ಪಂಜಿನಂಥ ರಚನೆ ಮೂಡುವತ್ತ ಪೊರೆ ವಾಲುತ್ತದೆ. ಇನ್ನೊಂದು ತೊಡಕು: ಸಿರೀನ್‌ನ ಕೀಟೋನ್ ಗುಂಪು ನೀರಿನೊಡನೆ ಕೂಡಿ ಹೈಡ್ರೇಟ್ ಆಗುತ್ತದೆ. ಪಾಲಿಮರನ್ನು ಕರಗಿಸಿದ ವಸ್ತುವೇ ತೊಟ್ಟಿಯಲ್ಲಿ ಬೇರೆಯಾಗುತ್ತ ಹೋಗುತ್ತದೆ. ಆದ್ದರಿಂದ ಹಳೆಯ ಪಾಕದಲ್ಲಿ ದ್ರಾವಕವೊಂದನ್ನೇ ಬದಲಿಸಿದರೆ ಹಳೆಯ ಪೊರೆ ಬರುವುದಿಲ್ಲ; ಪಾಲಿಮರ್ ಪ್ರಮಾಣ, ಉಷ್ಣತೆ, ತೊಟ್ಟಿಯ ಸಂಯೋಜನೆ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಇಟಲಿಯ ಸಂಶೋಧಕರು ಸಿರೀನ್ ಬಳಸಿ ಪಿವಿಡಿಎಫ್ ಮತ್ತು ಪಾಲಿಈಥರ್‌ಸಲ್ಫೋನ್ ಪಾಲಿಮರ್‌ಗಳ ಪೊರೆಗಳನ್ನು ಮಾಡಿ ತೋರಿಸಿದ್ದಾರೆ. ಆ ಸಾಧನೆ ಗಟ್ಟಿಯಾದದ್ದೇ.

ಆದರೆ ಸಸ್ಯಮೂಲವನ್ನೇ ಹಸಿರಿನ ಪ್ರಮಾಣಪತ್ರವೆಂದು ಎಣಿಸುವ ಸಮೀಕ್ಷಕರ ವಾದ ನಿಲ್ಲದು. ಅವರ ಕೋಷ್ಟಕಗಳಲ್ಲಿ ನೀರಿನ ಹರಿವಿಗೂ ಸೋಸುವ ಸಾಮರ್ಥ್ಯಕ್ಕೂ ಅಂಕಣಗಳಿರುತ್ತವೆ, ದ್ರಾವಕ ಬೆರೆತ ತೊಟ್ಟಿಯ ನೀರಿಗೆ ಇರುವುದಿಲ್ಲ. ಸಿರೀನ್ ಕುದಿಯುವುದು ಸುಮಾರು 227 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎನ್‌ಎಂಪಿ 202ರಲ್ಲಿ. ಎರಡರ ಕುದಿಬಿಂದುವೂ ನೀರಿನದಕ್ಕಿಂತ ಮೇಲೆ. ಬಟ್ಟಿ ಇಳಿಸಿ ದ್ರಾವಕವನ್ನು ಮರಳಿ ಪಡೆಯಲು ಮೊದಲು ಅಷ್ಟೂ ನೀರನ್ನು ಆವಿ ಮಾಡಬೇಕು. ಸೆಲ್ಯುಲೋಸ್ ಮೂಲ ಈ ಇಂಧನದ ಖರ್ಚನ್ನು ತಗ್ಗಿಸುವುದಿಲ್ಲ. ಪಿವಿಡಿಎಫ್ ಸ್ವತಃ ಫ್ಲೋರಿನ್‌ಯುಕ್ತ, ಪ್ರಕೃತಿಯಲ್ಲಿ ಕೊಳೆಯದ ಪಾಲಿಮರ್ ಎಂಬುದನ್ನೂ ಈ ಹೊಗಳಿಕೆ ಮರೆಸುತ್ತದೆ.

ಹೆಚ್ಚಿನ ಗಮನಕ್ಕೆ ಅರ್ಹವಾದದ್ದು ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಬೆಳೆದ ಜಲೀಯ ವಿಧಾನ. ವಿದ್ಯುದಾವೇಶವುಳ್ಳ ಪಾಲಿಮರ್‌ಗಳನ್ನು ನೀರಿನಲ್ಲೇ ಕರಗಿಸಿ, ಆಮ್ಲೀಯತೆಯನ್ನೋ ಲವಣಾಂಶವನ್ನೋ ಬದಲಿಸಿ ಪೊರೆಯಾಗಿಸುವ ಕ್ರಮ ಅದು. ಕೆಲವು ಪಾಕಗಳಿಗೆ ಗ್ಲುಟರಾಲ್ಡಿಹೈಡ್ ಎಂಬ ವಿಷಕಾರಿ ಬಂಧಕ ಬೇಕಾಗುತ್ತದೆ. ಅದು ಗಂಭೀರ ಕೊರತೆ. ಆದರೂ ಈ ವಿಧಾನ ಸಾವಯವ ದ್ರಾವಕವನ್ನೇ ಕೈಬಿಡುತ್ತದೆ. ಸಿರೀನ್ ಕಾರ್ಮಿಕರ ಅಪಾಯವನ್ನು ತಗ್ಗಿಸಬಲ್ಲದು, ಹೊಲಸು ನೀರಿನ ಸಮಸ್ಯೆಯನ್ನು ಇದ್ದಲ್ಲೇ ಬಿಡುತ್ತದೆ.