ತೆರೆಯ ಹಿಂದಿನ ವೇಷ

ಮುರುಡೇಶ್ವರದಿಂದ ಬೋಟು ಹತ್ತಿ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದವರೆಲ್ಲರ ಹತ್ತಿರವೂ ಒಂದು ವಿಡಿಯೋ ಇರುತ್ತದೆ. ಎರಡೋ ಮೂರೋ ನಿಮಿಷದ್ದು. ಎಲ್ಲವೂ ಒಂದೇ ಥರ. ಮೊದಲು ಬೋಟಿನ ಮೇಲೆ ನಗು, ಆಮೇಲೆ ನೀರಿನೊಳಗೆ ಹೆಬ್ಬೆರಳು-ತೋರುಬೆರಳು ಸೇರಿಸಿ ಓಕೆ ಸನ್ನೆ, ಹಿಂದೆ ಹಳದಿ ಪಟ್ಟೆಯ ಮೀನುಗಳ ಗುಂಪು, ಗುಳ್ಳೆ, ಮತ್ತೆ ಗುಳ್ಳೆ. ನನ್ನದೂ ಇದೆ. ಆಫೀಸಿನ ಗೆಳೆಯನೊಬ್ಬ ಅದಕ್ಕೆ 'ಜಾಸ್' ಸಿನಿಮಾದ ಎರಡು ಸ್ವರದ ಸಂಗೀತ ಅಂಟಿಸಿ, 'ಶಾರ್ಕುಗಳ ನಡುವೆ ನಮ್ಮ ಹುಡುಗ' ಅಂತ ಬರೆದು ಎಲ್ಲ ಗುಂಪುಗಳಿಗೂ ಹಂಚಿದ. ಅದು ಹೇಗೋ ಉಮ್ಮಚಗಿಗೂ ತಲುಪಿತು. ಆಯಿ ಎರಡು ಸಲ ನೋಡಿ ಫೋನು ಮಾಡಿದಳು. "ತಮಾ, ಇದ್ರಲ್ಲಿ ಮೀನು ಎಲ್ಲಿದ್ದೋ?"

ಶಾರ್ಕ್ ಇರಲಿಲ್ಲ. ಇದ್ದದ್ದು ನನ್ನ ಮುಖ. ಆ ಪ್ರಶ್ನೆ ತಲೆಯಲ್ಲಿ ಉಳಿದುಕೊಂಡಿದ್ದರಿಂದ ಎರಡು ಸಿನಿಮಾಗಳನ್ನು ಮತ್ತೆ ಕೂತು ನೋಡಿದೆ. ಒಂದು 1975ರ 'ಜಾಸ್', ಇನ್ನೊಂದು 2022ರ 'ಗಂಧದ ಗುಡಿ'.

ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು. ಮೊದಲ ಸಲ ನೇತ್ರಾಣಿಯಲ್ಲಿ ನೀರಿಗಿಳಿದಾಗ ನಾನು ಹೆದರಿ ಒದ್ದಾಡಿ ಎರಡೇ ನಿಮಿಷಕ್ಕೆ ಮೇಲೆ ಬಂದವನು. ಈಜು ಬರದೆ ಅಲ್ಲ. ಊರಿನ ಹಳ್ಳದಲ್ಲಿ ಬಾಳೆದಿಂಡು ಕಟ್ಟಿಕೊಂಡು ಈಜು ಕಲಿತವನಿಗೆ ನೀರೇನೂ ಹೊಸದಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಒಂದಡಿ ಕೆಳಗೆ ಏನಿದೆ ಎಂದು ಕಾಣದೆಯೂ ಈಜಿದ್ದೇವೆ. ಇಲ್ಲಿ ನೀರು ತಿಳಿಯಾಗಿತ್ತು, ಕೈ ಹಿಡಿದುಕೊಂಡು ಇನ್‌ಸ್ಟ್ರಕ್ಟರ್ ಇದ್ದ. ಆದರೆ ನೀಲಿ ಮಸುಕಾಗುತ್ತಾ ಹೋಗುವ ಆ ಅಂಚನ್ನು ನೋಡುತ್ತಿದ್ದಂತೆ ತಲೆಯೊಳಗೆ ಆ ಎರಡು ಸ್ವರ ಶುರುವಾಯಿತು. ಹೈಸ್ಕೂಲಿನಲ್ಲಿದ್ದಾಗ ಹಿಂದಿ ಡಬ್ಬಿಂಗಿನಲ್ಲಿ ನೋಡಿದ ಸಿನಿಮಾ ಇಪ್ಪತ್ತು ವರ್ಷ ಹೊಟ್ಟೆಯೊಳಗೆ ಕೂತಿತ್ತು ಮಾರಾಯ್ರೆ! ಸಮುದ್ರವನ್ನೇ ಸರಿಯಾಗಿ ನೋಡದ ಘಟ್ಟದ ಮೇಲಿನ ಹುಡುಗನೊಬ್ಬನಿಗೆ ಒಂದು ಸಿನಿಮಾ ಇಷ್ಟು ಮಾಡಬಲ್ಲದು ಅಂದರೆ ಅದು ಹೇಗೆ ಮಾಡಿತು ಅಂತ ನೋಡಲೇಬೇಕು.

ಸ್ಪೀಲ್‌ಬರ್ಗ್ ಆ ಚಿತ್ರಕ್ಕೆ ಯಂತ್ರದ ಶಾರ್ಕುಗಳನ್ನು ಮಾಡಿಸಿದ್ದ. ಅಟ್ಲಾಂಟಿಕ್ಕಿನ ಉಪ್ಪುನೀರಿಗೆ ಬಿದ್ದ ಕೂಡಲೇ ಅವು ಕೆಡತೊಡಗಿದವು. ಶಾರ್ಕನ್ನು ತೋರಿಸಲಾಗದೆ ಇದ್ದಾಗ ತೋರಿಸದೆಯೇ ಹೆದರಿಸುವ ದಾರಿ ಹುಡುಕಬೇಕಾಯಿತು. ನೀರಿನ ಮಟ್ಟದಲ್ಲಿ ಕ್ಯಾಮೆರಾ, ಎಳೆದುಕೊಂಡು ಹೋಗುವ ಹಳದಿ ಪೀಪಾಯಿ, ಜಾನ್ ವಿಲಿಯಮ್ಸ್‌ನ ಸಂಗೀತ. ಎರಡು ಗಂಟೆಯ ಸಿನಿಮಾದಲ್ಲಿ ಶಾರ್ಕ್ ಸರಿಯಾಗಿ ಮುಖ ತೋರಿಸುವುದು ಸುಮಾರು ಎಂಬತ್ತು ನಿಮಿಷ ಕಳೆದ ಮೇಲೆ. ಪ್ರೋಗ್ರಾಮ್ ಬರೆಯುವವರ ಭಾಷೆಯಲ್ಲಿ ಹೇಳುವುದಾದರೆ, ಬಗ್ಗೇ ಫೀಚರ್ ಆಯಿತು.

ಇದನ್ನು ಜಗತ್ತು ಹೊಸ ತಂತ್ರ ಅಂತ ಹೊಗಳಿತು. ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಹೊಸದೇನಿದೆ? ಬಣ್ಣದ ವೇಷ ರಂಗಕ್ಕೆ ಬರುವುದೇ ಹೀಗೆ. ಮೊದಲು ಚೌಕಿ ಕಡೆಯಿಂದ ಒಂದು ಅಬ್ಬರ. ಅರೆನಿದ್ದೆಯಲ್ಲಿದ್ದ ಮಕ್ಕಳು ಎದ್ದು ಕೂರುತ್ತಾರೆ. ಆಮೇಲೆ ಇಬ್ಬರು ಹಿಡಿದ ತೆರೆ, ದೊಂದಿಯ ಬೆಂಕಿಗೆ ರಾಳದ ಪುಡಿ ಎರಚಿದಾಗ ಭಗ್ಗೆನ್ನುವ ಬೆಳಕು, ಆ ಬೆಳಕಿನಲ್ಲಿ ತೆರೆಯ ಮೇಲೆ ಕಿರೀಟದ ಅಂಚು ಮಾತ್ರ. ಚಂಡೆ ಏರುತ್ತಾ ಹೋಗುತ್ತದೆ. ಪೂರ್ತಿ ವೇಷ ಕಾಣುವ ಹೊತ್ತಿಗೆ ನಾವು ಅಮ್ಮನ ಸೆರಗಿನ ಒಳಗೆ. ನನ್ನ ಪ್ರಕಾರ 'ಜಾಸ್' ಒಂದು ಅತ್ಯುತ್ತಮ ತೆರೆ ಒಡ್ಡೋಲಗ. ಅದನ್ನು ಮೀರಿಸಿದ ಹೆದರಿಕೆಯ ಸಿನಿಮಾ ನಾನಿನ್ನೂ ನೋಡಿಲ್ಲ.

ಆದರೆ ಯಕ್ಷಗಾನದಲ್ಲಿ ತೆರೆ ಸರಿದ ಮೇಲೆ ಇನ್ನೊಂದು ಕೆಲಸ ಇರುತ್ತದೆ. ರಾಕ್ಷಸ ಮಾತಾಡಬೇಕು. ನಾನು ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ. ಅರ್ಥ ಹೇಳಲು ಬಾರದ ರಾಕ್ಷಸನನ್ನು ನಮ್ಮೂರಿನವರು ಮುಂದಿನ ವರ್ಷ ಕರೆಸುವುದಿಲ್ಲ. ಕುಂಭಕರ್ಣ ಬರೀ ಗಾತ್ರದಿಂದ ಕುಂಭಕರ್ಣನಾಗುವುದಿಲ್ಲ, ಅಣ್ಣನ ತಪ್ಪು ಗೊತ್ತಿದ್ದೂ ಅಣ್ಣನ ಪರವಾಗಿ ಹೋಗುವ ಸಂಕಟದಿಂದ ಆಗುತ್ತಾನೆ. ಸಾಯುವಾಗ ನಮಗೂ ಅಯ್ಯೋ ಅನ್ನಿಸುತ್ತದೆ. 'ಜಾಸ್'ನ ಶಾರ್ಕಿಗೆ ಈ ಅರ್ಥಗಾರಿಕೆ ಕೊಟ್ಟಿಲ್ಲ. ಅದು ಯಾಕೆ ಆ ಊರಿಗೇ ಬರುತ್ತದೆ, ಯಾಕೆ ಸೇಡಿಟ್ಟವನ ಹಾಗೆ ಒಂದೇ ಬೋಟಿನ ಹಿಂದೆ ಬೀಳುತ್ತದೆ, ಕೇಳುವ ಹಾಗಿಲ್ಲ. ಮೀನು ಮಾತಾಡಬೇಕು ಅಂತ ನಾನು ಹೇಳುತ್ತಿಲ್ಲ. ಮೀನು ಮೀನಿನ ಹಾಗೆ ನಡೆದುಕೊಂಡರೆ ಅದೇ ಅದರ ಅರ್ಥ.

ಹಾಗೆ ನಡೆದುಕೊಂಡದ್ದು ಒಂದೇ ಒಂದು ಕಡೆ ಇದೆ, ಅದರ ಕತೆ ಸಿನಿಮಾಕ್ಕಿಂತ ಚೆನ್ನಾಗಿದೆ. ನಿಜವಾದ ಬಿಳಿ ಶಾರ್ಕಿನ ದೃಶ್ಯಗಳನ್ನು ರಾನ್ ಮತ್ತು ವ್ಯಾಲರಿ ಟೇಲರ್ ದಂಪತಿ ದಕ್ಷಿಣ ಆಸ್ಟ್ರೇಲಿಯಾದ ಡೇಂಜರಸ್ ರೀಫ್ ಎಂಬಲ್ಲಿ ಚಿತ್ರಿಸಿದರು. ಶಾರ್ಕ್ ದೊಡ್ಡದಾಗಿ ಕಾಣಲಿ ಅಂತ ಗಿಡ್ಡ ಆಳನ್ನೂ ಚಿಕ್ಕ ಪಂಜರವನ್ನೂ ಇಟ್ಟುಕೊಂಡಿದ್ದರು. ಒಂದು ಸಲ ಪಂಜರ ಖಾಲಿ ಇದ್ದಾಗ ಶಾರ್ಕ್ ಅದರ ಹಗ್ಗಕ್ಕೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಒದ್ದಾಡಿ ಎಲ್ಲ ಮುರಿದುಹಾಕಿತು. ಪೀಟರ್ ಬೆಂಚ್ಲಿಯ ಕಾದಂಬರಿಯಲ್ಲಿ ಪಂಜರದಲ್ಲಿಳಿದ ಹೂಪರ್ ಸಾಯುತ್ತಾನೆ. ಆದರೆ ಖಾಲಿ ಪಂಜರದ ಈ ದೃಶ್ಯ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅದನ್ನು ಬಳಸುವುದಕ್ಕಾಗಿ ಕತೆಯನ್ನೇ ಬದಲಿಸಿ ಹೂಪರ್ ತಪ್ಪಿಸಿಕೊಂಡ ಅಂತ ಮಾಡಿದರು. ಅಂದರೆ ಇಡೀ ಚಿತ್ರದಲ್ಲಿ ನಿಜವಾದ ಶಾರ್ಕ್ ಮಾಡಿದ ಕೆಲಸ ಒಬ್ಬ ಮನುಷ್ಯನನ್ನು ಬದುಕಿಸಿದ್ದು. ಕೊಂದದ್ದೆಲ್ಲ ಯಂತ್ರ. ಬೆಂಚ್ಲಿ ಕೊನೆಗಾಲದಲ್ಲಿ ಶಾರ್ಕುಗಳನ್ನು ಉಳಿಸುವ ಕೆಲಸಕ್ಕೇ ಇಳಿದ, 2006ರಲ್ಲಿ ತೀರಿಕೊಂಡ.

ಇನ್ನು ನಮ್ಮ 'ಗಂಧದ ಗುಡಿ'. ಇದರ ಬಗ್ಗೆ ಬರೆಯುವುದು ಕಷ್ಟ. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದರು, ಮುಂದಿನ ವರ್ಷ ಅಕ್ಟೋಬರ್ 28ಕ್ಕೆ ಚಿತ್ರ ಬಂತು. ಥೇಟರಿನಲ್ಲಿ ಪಕ್ಕದವರು ಅಳುತ್ತಿದ್ದರು, ನಾನೂ ಅತ್ತೆ. ಅತ್ತದ್ದು ಬೇರೆ, ಸಿನಿಮಾ ಬೇರೆ ಅಂತ ಹೇಳಲು ನನಗೆ ಎರಡನೇ ಸಲ ಮನೆಯಲ್ಲಿ ನೋಡಬೇಕಾಯಿತು. ಅಮೋಘವರ್ಷ ಮತ್ತು ಪುನೀತ್ ತಾವು ತಾವಾಗಿಯೇ ಕಾಡು ಸುತ್ತುತ್ತಾರೆ, ನಮ್ಮ ಕರಾವಳಿಗೂ ಇಳಿಯುತ್ತಾರೆ, ನೇತ್ರಾಣಿಯ ನೀರಿಗೂ. ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಹೀರೋ ತನ್ನ ಹೆದರಿಕೆಯನ್ನು ಮುಚ್ಚಿಡದೆ ಇರುವುದು. ತೆರೆಯ ಮೇಲೆ ನೂರು ಜನರನ್ನು ಹೊಡೆದವರು ಹೆದರುತ್ತೇನೆ ಅಂದಾಗ, ಎರಡೇ ನಿಮಿಷಕ್ಕೆ ಮೇಲೆ ಬಂದ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ದೂರು ಇರುವುದು ನೀರಿನ ಭಾಗದ ಬಗ್ಗೆ. ಬಹಳ ಬೇಗ ಮುಗಿದಂತಾಯಿತು. ಕಾಡಿನ ಭಾಗಗಳಲ್ಲಿ ಕ್ಯಾಮೆರಾ ಕೂತು ಕಾಯುತ್ತದೆ, ಕಾಡಿನ ಜನರ ಮಾತು ಕೇಳುತ್ತದೆ. ಸಮುದ್ರಕ್ಕೆ ಬಂದಾಗ ಆ ತಾಳ್ಮೆ ಕಡಿಮೆಯಾಗಿ ನಾವು ನೋಡುವುದು ನೀರನ್ನಲ್ಲ, ನೀರಿನೊಳಗಿರುವ ಅಪ್ಪುವನ್ನು. ಅಭಿಮಾನಿಗೆ ಅದು ಸಾಕು. ಆದರೆ ನೇತ್ರಾಣಿಗೆ ಹೇಳಿಕೊಳ್ಳಲು ಬೇಕಾದಷ್ಟಿತ್ತು. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಜನವಸತಿಯಿಲ್ಲದ ಬಂಡೆಯ ದ್ವೀಪ, ಹವಳ, ಬಿಳಿಹೊಟ್ಟೆಯ ಕಡಲ ಗಿಡುಗಗಳ ಗೂಡು. ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದು ಇದನ್ನೇ. ಇದೆಲ್ಲ ಬಿಟ್ಟು ನೀರಿನ ಮೇಲೂ ಸಂಗೀತ ಹರಿಸಿದರೆ ಹೇಗೆ? ಕೆಳಗಿಳಿದವರಿಗೆ ಗೊತ್ತು, ಅಲ್ಲಿ ಕೇಳುವುದು ತನ್ನದೇ ಉಸಿರು, ಗುಳ್ಳೆ ಮತ್ತು ಎಲ್ಲಿಂದಲೋ ಬರುವ ಚಿಟಿಪಿಟಿ ಸದ್ದು. ಒಂದು ನಿಮಿಷ ಅದನ್ನು ಕೇಳಿಸಿದ್ದರೆ 'ಜಾಸ್' ನನ್ನ ಕಿವಿಗೆ ತುಂಬಿದ್ದನ್ನು ತೊಳೆಯಬಹುದಿತ್ತೇನೋ.

ಇದು ಬರೀ ರುಚಿಯ ಪ್ರಶ್ನೆ ಅಲ್ಲ. ನೇತ್ರಾಣಿಯಲ್ಲಿ ಕಾಣಸಿಗಬಹುದಾದದ್ದು ಕಪ್ಪು ತುದಿಯ ರೆಕ್ಕೆಯ ಶಾರ್ಕ್. ಮನುಷ್ಯನಷ್ಟೇ ಉದ್ದ, ಹಲವು ಸಲ ಅಷ್ಟೂ ಇಲ್ಲ, ಗುಳ್ಳೆಯ ಸದ್ದಿಗೇ ದೂರ ಸರಿಯುವ ಜಾತಿ. ಒಂದು ಸಲಕ್ಕೆ ಎರಡರಿಂದ ಐದು ಮರಿ ಅಷ್ಟೆ. ಬೂತಾಯಿ, ಬಂಗಡೆಯ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡುವುದಿಲ್ಲ. ಹೀಗಾಗಿ ಬಲೆಗೆ ಬಿದ್ದಷ್ಟು ಬೇಗ ಹುಟ್ಟುವುದಿಲ್ಲ. ಶಾರ್ಕಿನ ರೆಕ್ಕೆಯ ರಫ್ತನ್ನು ನಮ್ಮ ದೇಶ 2015ರಲ್ಲಿ ನಿಲ್ಲಿಸಿತು. ಅದಕ್ಕೂ ಮೊದಲು, 2001ರಲ್ಲಿ, ಶಾರ್ಕುಗಳಲ್ಲೇ ದೊಡ್ಡದಾದ ತಿಮಿಂಗಿಲ ಶಾರ್ಕನ್ನು ಹುಲಿಯ ಜತೆಗೆ ಮೊದಲನೇ ಅನುಸೂಚಿಗೆ ಸೇರಿಸಿತ್ತು. ಗುಜರಾತಿನಲ್ಲಿ ಆ ಕಾನೂನನ್ನು ಮೀನುಗಾರರ ಮನಸ್ಸಿಗೆ ಮುಟ್ಟಿಸಿದ್ದು ಕತೆ ಹೇಳುವವರೊಬ್ಬರು. ರಾಮಕಥೆಯ ಮೊರಾರಿ ಬಾಪು ಆ ಮೀನನ್ನು ತವರಿಗೆ ಹೆರಿಗೆಗೆ ಬಂದ ಮಗಳು ಅಂದರು. ಬಲೆ ಕತ್ತರಿಸಿ ಬಿಡುವವರು ಹುಟ್ಟಿಕೊಂಡರು. ನೋಡಿ, ಅಲ್ಲಿ ಯಾರೋ ಶಾರ್ಕಿಗೆ ಅರ್ಥ ಹೇಳಿದರು!

ನಮ್ಮಲ್ಲಿ ಇನ್ನೂ ಹೇಳಿಲ್ಲ. ಹೆಸರೇ ಸರಿಯಾಗಿಲ್ಲ. ತುಳುವಿನಲ್ಲಿ ತಾಟೆ ಅನ್ನುತ್ತಾರೆ, ಕೊಂಕಣಿಯವರು ಮೋರಿ ಅನ್ನುತ್ತಾರೆ, ನಾವು ಓದಿ ಬರೆಯುವವರು ಶಾರ್ಕ್ ಅಂತ ಬರೆದು ಕೆಲವು ಸಲ ತಿಮಿಂಗಿಲದ ಚಿತ್ರ ಹಾಕುತ್ತೇವೆ. ಮನೆಗೆ ಮೀನೇ ಬಾರದ ಊರಿನವನಾದ ನಾನು ಇದನ್ನು ಹೇಳುವುದು ತಮಾಷೆಯಾಗಿ ಕಾಣಬಹುದು, ಇರಲಿ.

ಈ ಜನವರಿಯಲ್ಲಿ ದೇವಿಮನೆ ಘಟ್ಟ ಇಳಿದು ಮತ್ತೆ ಹೋದೆ. ಈ ಸಲ ಇಪ್ಪತ್ತು ನಿಮಿಷ ಕೆಳಗಿದ್ದೆ. ಮಧ್ಯದಲ್ಲೊಮ್ಮೆ ಇನ್‌ಸ್ಟ್ರಕ್ಟರ್ ಅಂಗೈಯನ್ನು ಹಣೆಯ ಮೇಲೆ ರೆಕ್ಕೆಯ ಹಾಗೆ ನೆಟ್ಟಗೆ ನಿಲ್ಲಿಸಿದ. ಶಾರ್ಕ್ ಇದೆ ಅನ್ನುವ ಸನ್ನೆ. ತಿರುಗಿದೆ. ಬಂಡೆಯ ಆಚೆ ನೀಲಿ ಮಸುಕಾಗುವಲ್ಲಿ ಒಂದು ಬಾಲ, ಒಂದು ಕಪ್ಪು ಚುಕ್ಕೆ, ಮೂರು ಸೆಕೆಂಡು. ಅದಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ. ಮೇಲೆ ಬಂದು ವಿಡಿಯೋ ನೋಡಿದರೆ ಆ ಹೊತ್ತಿನಲ್ಲಿ ಕ್ಯಾಮೆರಾ ಹುಡುಗ ತೆಗೆದಿದ್ದು ಮತ್ತೆ ನನ್ನ ಮುಖವನ್ನೇ. ಕನ್ನಡಕದೊಳಗೆ ಕಣ್ಣು ದೊಡ್ಡದಾಗಿ ಬೇರೆ ಕಡೆ ನೋಡುತ್ತಿದ್ದವು. ಅದನ್ನು ಆಯಿಗೆ ಕಳಿಸಿದೆ, ಸಂಗೀತ ಇಲ್ಲದೆ.