ನಾಲಗೆಗೆ ಮೊದಲು ತಿಳಿದದ್ದು

ಊಟದ ನಡುವೆ ಒಬ್ಬ ಮುದುಕಿ ನೀರಿನ ಲೋಟ ಎತ್ತುತ್ತಾಳೆ. ಒಂದು ಗುಟುಕು ಕುಡಿದು ಮುಖ ಸಪ್ಪೆ ಮಾಡುತ್ತಾಳೆ. ಲೋಟ ಕೆಳಗಿಟ್ಟು, ಯಾರೂ ನೋಡುತ್ತಿಲ್ಲವೇನೋ ಎಂಬಂತೆ ಮತ್ತೆ ವೈನಿಗೆ ಕೈ ಹಾಕುತ್ತಾಳೆ. ಏನೇ ಬಡಿಸಿದರೂ ರುಚಿಯ ಬಗ್ಗೆ ತುಟಿ ಬಿಚ್ಚುವುದಿಲ್ಲವೆಂದು ಪಣ ತೊಟ್ಟು ಮೇಜಿಗೆ ಬಂದವರಲ್ಲಿ ಅವಳೂ ಒಬ್ಬಳು. ಪಣವೇನೂ ಮುರಿಯಲಿಲ್ಲ, ಮಾತೂ ಹೊರಡಲಿಲ್ಲ. ನಾಲಗೆ ಮಾತ್ರ ಸದ್ದಿಲ್ಲದೆ ಪಕ್ಷಾಂತರ ಮಾಡಿತು.

ಚಿತ್ರ 'ಬಾಬೆಟ್ಸ್ ಫೀಸ್ಟ್'. ಡೆನ್ಮಾರ್ಕಿನ ಕಾರೆನ್ ಬ್ಲಿಕ್ಸೆನ್ 'ಐಸಾಕ್ ಡಿನೆಸೆನ್' ಎಂಬ ಕಾವ್ಯನಾಮದಲ್ಲಿ ಬರೆದ ಕಥೆಯನ್ನು ಗೇಬ್ರಿಯೆಲ್ ಆಕ್ಸೆಲ್ 1987ರಲ್ಲಿ ತೆರೆಗೆ ತಂದರು. ಮರುವರ್ಷ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು. ಡೆನ್ಮಾರ್ಕಿಗೆ ಆ ವಿಭಾಗದಲ್ಲಿ ಅದೇ ಮೊದಲನೆಯದು. ಕಥೆ ಅಚ್ಚಾದದ್ದು 1950ರಲ್ಲಿ, 'ಲೇಡೀಸ್ ಹೋಮ್ ಜರ್ನಲ್' ಎಂಬ ಅಮೆರಿಕದ ಮಹಿಳಾ ಪತ್ರಿಕೆಯಲ್ಲಿ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕುಟುಂಬ ಜೀವನದ ಕುರಿತು ಹೊರಡಿಸಿದ 'ಅಮೋರಿಸ್ ಲೆತೀತ್ಸಿಯಾ' ಪತ್ರದಲ್ಲಿ ಈ ಚಿತ್ರವನ್ನು ಹೆಸರಿಸಿ ನೆನೆದರು. ಗೃಹಿಣಿಯರ ಪತ್ರಿಕೆಯಲ್ಲಿ ಹುಟ್ಟಿದ ಕಥೆ ಪೋಪರ ಪತ್ರದವರೆಗೆ ನಡೆದುಬಂದಿದೆ. ಸಿನಿಮಾದಲ್ಲಿ ದೇವರ ಕೃಪೆ ಹುಡುಕುವ ಕ್ರೈಸ್ತ ಬರಹಗಾರರಂತೂ ಇದನ್ನು ಮೊದಲ ಪಂಕ್ತಿಯಲ್ಲೇ ಕೂರಿಸುತ್ತಾರೆ. ಆ ಜಾಗ ಇದಕ್ಕೆ ಸಲ್ಲಬೇಕಾದದ್ದೇ. ಅವರು ಕೊಡುವ ಕಾರಣಗಳಲ್ಲಿ ಅರ್ಧ ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ.

ಜಟ್ಲಂಡ್ ಕರಾವಳಿಯ ಒಂದು ಬಡ ಹಳ್ಳಿ. ಅಲ್ಲೊಬ್ಬ ಪಾದ್ರಿ ಕಟ್ಟಿದ ಸಣ್ಣ ಭಕ್ತಮಂಡಳಿ. ಪಾದ್ರಿ ತೀರಿಹೋಗಿದ್ದಾನೆ. ಧರ್ಮಸುಧಾರಕರಾದ ಲೂಥರ್ ಮತ್ತು ಮೆಲಾಂಕ್ಥನ್ ನೆನಪಿಗೆಂದು ಹೆಸರಿಟ್ಟ ಇಬ್ಬರು ಹೆಣ್ಣುಮಕ್ಕಳು, ಮಾರ್ಟಿನೆ ಮತ್ತು ಫಿಲಿಪ್ಪಾ, ಮದುವೆ ಬಿಟ್ಟು ಮಂಡಳಿಯ ಸೇವೆಯಲ್ಲೇ ಹಣ್ಣಾಗಿದ್ದಾರೆ. 1871ರಲ್ಲಿ ಪ್ಯಾರಿಸ್ ಕಮ್ಯೂನ್ ಎಂಬ ದಂಗೆಯನ್ನು ಸರ್ಕಾರದ ಸೇನೆ ರಕ್ತದಲ್ಲಿ ಮುಳುಗಿಸಿದಾಗ, ಗಂಡನನ್ನೂ ಮಗನನ್ನೂ ಕಳೆದುಕೊಂಡ ಬಾಬೆಟ್ ಇವರ ಬಾಗಿಲಿಗೆ ಬರುತ್ತಾಳೆ. ಸಂಬಳ ಬೇಡ, ಅಡುಗೆ ಮಾಡಿಕೊಂಡಿರುತ್ತೇನೆ ಅನ್ನುತ್ತಾಳೆ. ಅಕ್ಕತಂಗಿಯರು ಅವಳಿಗೆ ಒಣಮೀನು ನೆನೆಹಾಕುವುದನ್ನೂ ಬ್ರೆಡ್ಡು-ಬಿಯರ್ ಕುದಿಸಿ ಗಂಜಿ ಮಾಡುವುದನ್ನೂ ಹೇಳಿಕೊಡುತ್ತಾರೆ. ಯಾರಿಗೆ? ಪ್ಯಾರಿಸ್ಸಿನ ಹೆಸರಾಂತ 'ಕೆಫೆ ಆಂಗ್ಲೆ'ಯ ಮುಖ್ಯ ಬಾಣಸಿಗಿತ್ತಿಗೆ! ವರ್ಷಗಳು ಕಳೆದ ಮೇಲೆ ಅವಳಿಗೆ ಲಾಟರಿಯಲ್ಲಿ 10,000 ಫ್ರಾಂಕ್ ಹೊಡೆಯುತ್ತದೆ. ಪಾದ್ರಿಯ ನೂರನೇ ಹುಟ್ಟುಹಬ್ಬಕ್ಕೆ ಒಂದು ಫ್ರೆಂಚ್ ಊಟ ಹಾಕಲು ಅಪ್ಪಣೆ ಕೇಳುತ್ತಾಳೆ. ಜೀವಂತ ಆಮೆ, ಪಂಜರದ ಹಕ್ಕಿ, ಸಾಲು ಸಾಲು ಶೀಸೆಗಳು ಬಂದಿಳಿದಾಗ ಮಾರ್ಟಿನೆಗೆ ಇದು ಮಾಟದ ಔತಣವೆನಿಸಿ ಕೆಟ್ಟ ಕನಸು ಬೀಳುತ್ತದೆ. ಆ ಪಣ ಹುಟ್ಟಿದ್ದು ಹೀಗೆ.

ಇನ್ನು ಕೃಪೆ ಹುಡುಕುವವರ ಲೆಕ್ಕ. ಮೇಜಿಗೆ ಹನ್ನೆರಡು ಜನ, ಆದ್ದರಿಂದ ಇದು ಯೇಸುವಿನ ಕಡೆಯ ಭೋಜನ. ಇದ್ದಬದ್ದ ಹಣವನ್ನೆಲ್ಲ ಸುರಿದಳು, ಆದ್ದರಿಂದ ಬಾಬೆಟ್ ಕ್ರಿಸ್ತ. ಹಿಟ್ಟಿನ ಗೂಡಿನಲ್ಲಿಟ್ಟ ಲಾವಕ್ಕಿಯ ಖಾದ್ಯಕ್ಕೆ ಫ್ರೆಂಚಿನಲ್ಲಿ ಶವಪೆಟ್ಟಿಗೆಯ ಹೆಸರು, ಆದ್ದರಿಂದ ಪುನರುತ್ಥಾನ. ಲೆಕ್ಕ ತಪ್ಪೆಂದು ಹೇಳಲಾರೆ. ಹನ್ನೆರಡರ ಎಣಿಕೆ ಕಥೆಯಲ್ಲೇ ಇದೆ. ಆದರೆ ಇದೇ ಮಗ್ಗಿಯನ್ನು ಯಾವ ಸಿನಿಮಾದ ಮೇಲೆ ಬೇಕಾದರೂ ಒಪ್ಪಿಸಬಹುದು. ಮೂವರು ಒಟ್ಟಿಗೆ ಕಂಡರೆ ತ್ರಯೇಕತ್ವ, ನಾಯಕ ತೋಳು ಚಾಚಿದರೆ ಶಿಲುಬೆ. ಹೀಗೆ ನೋಡುವವನಿಗೆ ಚಿತ್ರ ಅವನು ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿಯನ್ನೇ ಬಿಚ್ಚಿ ಬಡಿಸುತ್ತದೆ.

ಆಕ್ಸೆಲ್‌ರ ಕ್ಯಾಮೆರಾ ಬುತ್ತಿ ತಂದದ್ದಲ್ಲ, ಒಲೆಯ ಪಕ್ಕಕ್ಕೆ ಹೋಗಿ ನಿಂತದ್ದು. ಬಾಬೆಟ್ ಹಕ್ಕಿಯೊಳಗೆ ಹೂರಣ ತುಂಬುತ್ತಾಳೆ, ಹಿಟ್ಟಿನ ಗೂಡಿನಲ್ಲಿ ಕೂರಿಸುತ್ತಾಳೆ, ಅದರ ತಲೆಯನ್ನು ಅದರದೇ ಜಾಗಕ್ಕೆ ಜೋಡಿಸುತ್ತಾಳೆ. ಯಾವ ಲೋಟಕ್ಕೆ ಯಾವ ವೈನ್ ಸುರಿಯಬೇಕೆಂದು ಬಡಿಸುವ ಹುಡುಗನಿಗೆ ಹೇಳಿ ಕಳಿಸುತ್ತಾಳೆ. ಆ ಪಾತ್ರ ಮಾಡಿದ ಸ್ತೆಫಾನ್ ಓಡ್ರಾನ್ ಮುಖದಲ್ಲಿ ಸಂತರ ಕಳೆ ಹುಡುಕಿದರೂ ಸಿಗದು. ಅಲ್ಲಿರುವುದು ಉಪ್ಪು ಒಂದು ಚಿಟಿಕೆ ಹೆಚ್ಚಾದೀತೆಂಬ ಕಸುಬುದಾರಳ ಎಚ್ಚರ. ಅತಿಥಿಯಾಗಿ ಬಂದ ಒಬ್ಬ ಜನರಲ್ ಸಾಹೇಬರ ಗಾಡಿ ಹೊಡೆದುಕೊಂಡು ಬಂದವನಿಗೂ ಅಡುಗೆಮನೆಯಲ್ಲೇ ಎಲ್ಲದರಲ್ಲೂ ಪಾಲುಂಟು. ಅತ್ತ ಮೇಜಿನಲ್ಲಿ, ವ್ಯವಹಾರದಲ್ಲಿ ಮೋಸ ಮಾಡಿದವನು ಅದನ್ನು ಒಪ್ಪಿಕೊಂಡು ನಗುತ್ತಾನೆ. ಹರೆಯದ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದ ಮುದುಕ ಮುದುಕಿ ಮುತ್ತಿಟ್ಟುಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಕೀರ್ತನೆ ಹಾಡಿಯೂ ಕರಗದ ಗಂಟು ಬಿಸಿ ಸಾರಿಗೆ ಕರಗುತ್ತದೆ.

ಆದರೂ ನನ್ನ ಮಟ್ಟಿಗೆ ಚಿತ್ರದ ಹೃದಯ ಈ ಔತಣದಲ್ಲಿಲ್ಲ, ಅದಕ್ಕೆ ಮೊದಲು ಬರುವ ಒಂದು ಪುಟ್ಟ ದೃಶ್ಯದಲ್ಲಿದೆ. ಬಾಬೆಟ್ ಸಾಮಾನು ತರಿಸಲು ಕೆಲದಿನ ಊರಿನಲ್ಲಿರುವುದಿಲ್ಲ. ಅಕ್ಕತಂಗಿಯರೇ ಬೇಯಿಸಿದ್ದನ್ನು ಬಡವರಿಗೆ ಒಯ್ದು ಕೊಡುತ್ತಾರೆ. ಬಾಯಿಗಿಟ್ಟ ಮುದುಕನ ಮುಖ ಸಿಂಡರಿಸುತ್ತದೆ. ಅಂದರೆ ಇಷ್ಟು ವರ್ಷ ಅದೇ ಒಣಮೀನು, ಅದೇ ಗಂಜಿಯಲ್ಲಿ, ಬಾಬೆಟ್ ಗುಡ್ಡದಿಂದ ಕಿತ್ತು ತಂದ ಸೊಪ್ಪಿನ ಘಮದಲ್ಲಿ, ಕೃಪೆ ದಿನವೂ ಮನೆಬಾಗಿಲಿಗೆ ಬರುತ್ತಿತ್ತು. ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ದಿನಬಳಕೆಯಲ್ಲಿ ದೇವರ ಕೃಪೆ ಕಾಣುವುದೆಂದರೆ ಏನೆಂದು ಕೇಳಿದವರಿಗೆ ನಾನು ತೋರಿಸುವುದು ಸಿಂಡರಿಸಿದ ಆ ಮುಖವನ್ನು.

ಈ ಮಾತನ್ನು ಕನ್ನಡದಲ್ಲಿ ಹೇಳುವುದು ಇನ್ನೂ ಸಲೀಸು. ಪ್ರಾಟೆಸ್ಟೆಂಟರು 'ಕೃಪೆ' ಅನ್ನುವುದನ್ನು ನಮ್ಮ ಕಥೋಲಿಕರು 'ವರಪ್ರಸಾದ' ಅನ್ನುತ್ತಾರೆ. ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿ ಅವರಿಗೆ 'ಪರಮಪ್ರಸಾದ'. ಶರಣರ ಬಾಯಲ್ಲಿ ಅನುಗ್ರಹವೂ ದೇವಸ್ಥಾನದ ದೊನ್ನೆಯಲ್ಲಿ ತುತ್ತೂ ಆದ 'ಪ್ರಸಾದ' ಎಂಬ ಮಾತು ಚರ್ಚಿನೊಳಗೂ ಎರಡರ್ಥವನ್ನು ಬಿಟ್ಟುಕೊಟ್ಟಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಮಂಗಳೂರಿನ ಕಥೋಲಿಕರು ಚರ್ಚಿನಿಂದ ತಂದ ಹೊಸ ತೆನೆಯ ಕಾಳನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಗೆಲ್ಲ ಕೊಡುತ್ತಾರೆ. ಜಟ್ಲಂಡಿನ ಆ ಭಕ್ತರಿಗೆ ಇಂಥದೊಂದು ಪದವಿರಲಿಲ್ಲ. ಕೃಪೆ ಕಿವಿಯ ಮೂಲಕ ಬರತಕ್ಕದ್ದು, ನಾಲಗೆ ಪಾಪದ ಪಕ್ಕದ ಮನೆ ಎಂದು ನಂಬಿದವರು ಅವರು.

ಚಿತ್ರದ ಕೊರತೆಗಳನ್ನೂ ಹೇಳಬೇಕು. ಹಿನ್ನೆಲೆಯ ನಿರೂಪಕಿ ನಮ್ಮ ಕಣ್ಣಿಗೇ ಕಾಣುವುದನ್ನೂ ಹೇಳುತ್ತಾಳೆ. ಕೃಪೆಯ ಕುರಿತು ಜನರಲ್ ಲೊವೆನ್‌ಹೀಲ್ಮ್ ಎದ್ದು ನಿಂತು ಮಾಡುವ ಭಾಷಣ, ಊಟ ಆಗಲೇ ಮಾಡಿ ಮುಗಿಸಿದ ಕೆಲಸದ ವರದಿ. ಇವನ್ನು ಕ್ಷಮಿಸಬಹುದು. ಕ್ಷಮಿಸಲು ಕಷ್ಟವಾದದ್ದು ಬೇರೆಯಿದೆ. ಲಾವಕ್ಕಿಯ ಗುರುತು ಹಿಡಿಯುವವನು ಆ ಜನರಲ್ ಒಬ್ಬನೇ. ಹಿಂದೆ ಪ್ಯಾರಿಸ್ಸಿನಲ್ಲಿ ಅವನೆದುರು ಈ ಅಡುಗೆಯವಳನ್ನು ಹಾಡಿ ಹೊಗಳಿದವನು ಗಾಲಿಫೆ. ಇತಿಹಾಸದ ಗಾಲಿಫೆ, ಸೆರೆಸಿಕ್ಕ ಕಮ್ಯೂನಿನವರನ್ನು ಸಾಲಿನಿಂದ ಆರಿಸಿ ತೆಗೆದು ಗುಂಡಿಕ್ಕಿಸಿದ ಸೇನಾನಿ. ಬ್ಲಿಕ್ಸೆನ್‌ರ ಕಥೆಯಲ್ಲಿ ಬಾಬೆಟ್ ಇದನ್ನು ಬಾಯಿಬಿಟ್ಟೇ ಹೇಳುತ್ತಾಳೆ: ಅವರು ಕ್ರೂರಿಗಳು, ಆದರೂ ತನ್ನ ಕೈಗುಣ ಬಲ್ಲವರು ಅವರೇ, ಹಾಗಾಗಿ ತನ್ನವರು. ತನ್ನ ಜನರನ್ನು ಕೊಂದವರಿಗಾಗಿ ಮರುಗುವ ಆ ಬಾಬೆಟ್ ಅರಗಿಸಿಕೊಳ್ಳಲು ಕಷ್ಟದ ಹೆಂಗಸು. ಆಕ್ಸೆಲ್ ಆ ಮುಳ್ಳನ್ನು ಬಹುಮಟ್ಟಿಗೆ ತೆಗೆದುಬಿಟ್ಟು ಮೀನು ಬಡಿಸಿದ್ದಾರೆ. ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಅಯೋಗ್ಯರಿಗೂ ಸಲ್ಲುವುದೇ ಕೃಪೆ ಎಂಬ ಮಾತಿಗೆ ಆ ಮುಳ್ಳಿಗಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಗುತ್ತಿತ್ತು?

ಎರಡನೇ ಸಲ ಈ ಚಿತ್ರವನ್ನು ಅಮ್ಮನ ಜೊತೆ ನೋಡಿದೆ. ಅತಿಥಿಗಳು ಕೈಕೈ ಹಿಡಿದು ನಕ್ಷತ್ರಗಳ ಕೆಳಗೆ ಬಾವಿಯ ಸುತ್ತ ಹಾಡುವಾಗ ನನ್ನ ಕಣ್ಣು ತುಂಬಿತ್ತು. ಅಮ್ಮನ ಕಣ್ಣು ಬೇರೆಲ್ಲೋ ಇತ್ತು. "ಎಲ್ಲ ಸರಿ ಕಣೋ, ಅಷ್ಟು ಪಾತ್ರೆ ಯಾರು ತೊಳೀಬೇಕೀಗ?" ಅಂದಳು. ಆಮೇಲೆ ಅಡುಗೆಮನೆ ತೋರಿಸಿದಾಗ, ದಣಿದು ಕೂತ ಬಾಬೆಟ್‌ಳನ್ನು ನೋಡಿ, "ಪಾಪ, ಇವಳಿಗೊಂದು ಲೋಟ ಕಾಫಿ ಯಾರಾದ್ರೂ ಕೊಡಬಾರದಾ" ಎಂದು ಗೊಣಗಿದಳು. ಮೇಜಿನಲ್ಲಿ ಉಂಡವರಾರೂ ಆ ಕಡೆ ಇಣುಕಿರಲಿಲ್ಲ.