ಶಾನ್ಲಿಉರ್ಫಾ ಯುರೇನಿಯಂ ವಾರ್ತೆ: ಒಂದು ಆಕರ ವಿಮರ್ಶೆ

೨೦೦೨ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿ ತುರ್ಕಿಯಿಂದ ಹೊರಟ ವಾರ್ತೆಯೊಂದನ್ನು ಇಲ್ಲಿ ಪರೀಕ್ಷೆಗೆ ಎತ್ತಿಕೊಂಡಿದ್ದೇವೆ. ಸಿರಿಯಾದ ಗಡಿಗೆ ಹೊಂದಿಕೊಂಡ ಶಾನ್ಲಿಉರ್ಫಾ ಪ್ರಾಂತದಲ್ಲಿ ಪೊಲೀಸರು ಟ್ಯಾಕ್ಸಿಯೊಂದನ್ನು ತಡೆದು, ಆಸನದಡಿಯಲ್ಲಿ ಅಡಗಿಸಿದ್ದ ಸೀಸದ ಪಾತ್ರೆಯನ್ನು ವಶಪಡಿಸಿಕೊಂಡು, ಇಬ್ಬರನ್ನು ಬಂಧಿಸಿದರು. ಪಾತ್ರೆಯಲ್ಲಿದ್ದುದು ಅಸ್ತ್ರಯೋಗ್ಯವಾದ ಯುರೇನಿಯಂ, ಅದರ ತೂಕ ೧೫ ಕಿಲೋಗ್ರಾಂಗೂ ಮಿಗಿಲು ಎಂದು ಅನಾತೋಲಿಯಾ ವಾರ್ತಾಸಂಸ್ಥೆ ಪ್ರಕಟಿಸಿತು. ಒಂದೆರಡು ದಿನಗಳಲ್ಲಿಯೇ ತೂಕವು ೧೪೦ ಗ್ರಾಂಗೆ ಇಳಿಯಿತು. ಮೊದಲು ಪಾತ್ರೆಯನ್ನೂ ಸೇರಿಸಿ ತೂಗಲಾಗಿತ್ತೆಂಬ ಸಮಾಧಾನ ಬಂದಿತು. ತುಪ್ಪದ ಲೆಕ್ಕಕ್ಕೆ ಬಿಂದಿಗೆಯನ್ನೂ ಹಿಡಿಯುವ ಈ ಕ್ರಮ ನಮ್ಮ ಹಳ್ಳಿಯ ಸಂತೆಯಲ್ಲಿಯೂ ನಡೆಯದು. ತರುವಾಯ ತುರ್ಕಿಯ ಪರಮಾಣು ತಜ್ಞರು ಪರೀಕ್ಷಿಸಿ, ಅದು ಯುರೇನಿಯಂ ಅಲ್ಲವೇ ಅಲ್ಲ, ಸತು, ಕಬ್ಬಿಣ, ಜಿರ್ಕೋನಿಯಂ, ಮ್ಯಾಂಗನೀಸ್‌ಗಳುಳ್ಳ ನಿರಪಾಯವಾದ ವಸ್ತು ಎಂದು ನಿರ್ಣಯಿಸಿದರು.

ಈ ಮೂರು ಹೇಳಿಕೆಗಳನ್ನು ಸಮಬಲದ ಸಾಕ್ಷ್ಯಗಳೆಂದು ಬಗೆದು, ಅವುಗಳ ನಡುವೆ ಎಲ್ಲಿಯೋ ಸತ್ಯವಿರಬೇಕೆಂದು ಊಹಿಸುವುದು ಸಲ್ಲದು. ಒಂದು ಅಣ್ವಸ್ತ್ರಕ್ಕೆ ಬೇಕಾದೀತೆಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಗಣನೆಗೆ ಹಿಡಿದಿರುವ ಪ್ರಮಾಣ ೨೫ ಕಿಲೋಗ್ರಾಂ ಯುರೇನಿಯಂ-೨೩೫. ಮೊದಲ ವರದಿಯ ತೂಕ ಅದರ ಅರ್ಧವನ್ನು ಮೀರುತ್ತದೆ. ಎರಡನೆಯದು ನೂರರಲ್ಲಿ ಒಂದು ಪಾಲೂ ಆಗದು. ಇಷ್ಟು ದೊಡ್ಡ ತಿದ್ದುಪಡಿಯಾದರೂ 'ಯುರೇನಿಯಂ' ಎಂಬ ಪದ ಕದಲಲಿಲ್ಲವೆಂಬುದೇ ನಮಗೆ ಮುಖ್ಯವಾಗಿ ತೋರುತ್ತದೆ. ತೂಕವನ್ನು ಮುಚ್ಚುಮರೆಯಿಲ್ಲದೆ ಇಳಿಸಿದವರು ವಸ್ತುವಿನ ಹೆಸರಿನಲ್ಲಿ ತಪ್ಪಿರಲಾರರೆಂದು ಓದುಗನು ನಂಬುವುದು ಸಹಜ. ಹೀಗೆ ಚಿಕ್ಕ ತಪ್ಪಿನ ತಿದ್ದುಪಡಿ ದೊಡ್ಡ ತಪ್ಪಿಗೆ ಆಸರೆಯಾಯಿತು.

ಹಲವು ದೇಶಗಳ ಪತ್ರಿಕೆಗಳು ಮೊದಲ ವಾರ್ತೆಯನ್ನು ಅಚ್ಚು ಹಾಕಿದುವೆಂಬುದರಿಂದ ಅದರ ಪ್ರಾಮಾಣ್ಯ ಹೆಚ್ಚುವುದಿಲ್ಲ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳು ಹತ್ತು ಸಾಕ್ಷಿಗಳಾಗವೆಂಬುದನ್ನು ಗ್ರಂಥಸಂಪಾದಕರು ಬಲ್ಲರು. ಕಾಲವೂ ಗಮನಾರ್ಹ. ಇರಾಕಿನ ಅಸ್ತ್ರಗಳ ಬಗ್ಗೆ ಬ್ರಿಟಿಷ್ ಸರಕಾರ ತನ್ನ ವರದಿಯನ್ನು ಹೊರಡಿಸಿದ್ದು ಸೆಪ್ಟೆಂಬರ್ ೨೪ರಂದು. ಯುದ್ಧದ ಮಾತು ಎಲ್ಲೆಡೆಯೂ ನಡೆದಿತ್ತು. ಇರಾಕಿನ ಗಡಿ ಅಲ್ಲಿಂದ ಸುಮಾರು ೨೫೦ ಕಿಲೋಮೀಟರ್ ದೂರ. ಆದರೂ ವಾರ್ತೆಯಲ್ಲಿ ಆ ದೂರದ ಉಲ್ಲೇಖವಿತ್ತು. ಈ ಒಂದು ವಾರ್ತೆ ಯುದ್ಧವನ್ನು ತಂದಿತೆಂದು ನಾವು ಹೇಳುವುದಿಲ್ಲ. ನಂಬಲು ಸಿದ್ಧವಾಗಿದ್ದ ಮನಸ್ಸುಗಳಿಗೆ ಅದು ತಲುಪಿತೆಂಬುದಷ್ಟೇ ನಮ್ಮ ಅಭಿಪ್ರಾಯ.

ಹಾಗೆಂದು ಇಂಥ ವಾರ್ತೆಗಳೆಲ್ಲ ಹುಸಿಯೆಂದು ತಳ್ಳಿಬಿಡುವುದೂ ವಿಮರ್ಶೆಯಲ್ಲ. ೧೯೯೪ರ ಆಗಸ್ಟ್ ೧೦ರಂದು ಮಾಸ್ಕೋದಿಂದ ಮ್ಯೂನಿಕ್ ವಿಮಾನನಿಲ್ದಾಣಕ್ಕೆ ಬಂದ ಪೆಟ್ಟಿಗೆಯಲ್ಲಿ ಸುಮಾರು ೩೬೩ ಗ್ರಾಂ ಪ್ಲುಟೋನಿಯಂ ನಿಜವಾಗಿಯೂ ಇತ್ತು. ಅಲ್ಲಿ ವಿವಾದವೆದ್ದುದು ವಸ್ತುವಿನ ಬಗ್ಗೆ ಅಲ್ಲ, ಗಿರಾಕಿಯ ಬಗ್ಗೆ. ಕೊಳ್ಳುವವರ ವೇಷದಲ್ಲಿ ಜರ್ಮನಿಯ ಗುಪ್ತಚರ ವ್ಯವಸ್ಥೆಯೇ ಇತ್ತೆಂಬ ಆಪಾದನೆ ೧೯೯೫ರಲ್ಲಿ ಪತ್ರಿಕೆಗಳಲ್ಲಿ ಬಂದು, ಪಾರ್ಲಿಮೆಂಟಿನ ವಿಚಾರಣೆಗೂ ಕಾರಣವಾಯಿತು. ಶಾನ್ಲಿಉರ್ಫಾದಲ್ಲಿ ಗಿರಾಕಿ ಯಾರೆಂಬ ಪ್ರಶ್ನೆಗೆ ಎಡೆಯೇ ಉಳಿಯಲಿಲ್ಲ, ಬಂಧಿತರು ಬಿಡುಗಡೆಯಾದರು.